‘ನಾಲ್ಕು ಕಲ್ಲು’ ಕಥೆಯನ್ನು ಯಾಕೆ ವಾಪಸ್ ಕಳಿಸುತ್ತಿದ್ದೇವೆ

ನಮಸ್ಕಾರ.

ಹವಾಯಿಯ ವೈಕೀಕಿ ತೀರದಲ್ಲಿರುವ ಕಲ್ಲುಗಳ ಐತಿಹ್ಯವನ್ನು ಹಿಡಿದು ನೀವು ಬರೆದ ‘ನಾಲ್ಕು ಕಲ್ಲು’ ಓದಿದೆವು. ಭಾಷೆ ಹದವಾಗಿದೆ, ಆದರೆ ಹೀಗೇ ಅಚ್ಚು ಹಾಕಲಾಗದು. ಗೊತ್ತಿಲ್ಲದ ಕಡೆಯಲ್ಲೆಲ್ಲ ನಮ್ಮ ಪುರಾಣ ತಂದು ತುಂಬಿದ್ದೀರಿ.

ನಿಮ್ಮ ವೈದ್ಯರು ಬೇರು ಅರೆದು ಕಷಾಯ ಕುಡಿಸುತ್ತಾರೆ, ಕೊನೆಗೆ ಅಹಲ್ಯೆಯಂತೆ ಕಲ್ಲಾಗುತ್ತಾರೆ. ಮೂಲದಲ್ಲಿ ಎರಡೂ ಇಲ್ಲ. ತಹೀತಿ ಕಡೆಯ ರಯಾಟೇಯ ದ್ವೀಪದಿಂದ ಬಂದ ಕಪಾಯೆಮಾಹೂ, ಕಹಲೋವಾ, ಕಪುನಿ, ಕಿನೋಹಿ ಈ ನಾಲ್ವರು ಗುಣಪಡಿಸುತ್ತಿದ್ದುದು ಮೈಮೇಲೆ ಕೈಯಿಟ್ಟು. ಅವರು ಕಲ್ಲಾಗಲಿಲ್ಲ, ತಮ್ಮ ಹೆಸರನ್ನೂ ಶಕ್ತಿಯನ್ನೂ ಕಲ್ಲಿಗೆ ಧಾರೆಯೆರೆದು ಕಣ್ಮರೆಯಾದರು. ಕಥೆಯ ಜೀವ ಇರುವುದೇ ಇಲ್ಲಿ. ನೀವು ಇದನ್ನು ಒಂದೂವರೆ ಸಾಲಿನಲ್ಲಿ ಮುಗಿಸಿದ್ದೀರಿ!

ಕಲ್ಲುಗಳನ್ನು ದೋಣಿಯಲ್ಲಿ ತರಿಸಿದ್ದೂ ತಪ್ಪು. ಅವು ವೈಕೀಕಿ ಇರುವ ಒವಾಹು ದ್ವೀಪದ್ದೇ, ಕೈಮುಕಿ ಗುಡ್ಡದ ಕಡೆಯವು. ‘ಕಾನೆ’ ಎಂಬ ತಿಥಿಯ ರಾತ್ರಿ ಸಾವಿರಾರು ಜನ ಸೇರಿ ಸಾಗಿಸಿದರು. ಎರಡನ್ನು ವೈದ್ಯರು ವಾಸವಿದ್ದಲ್ಲಿ, ಇನ್ನೆರಡನ್ನು ಅವರು ಕಡಲಲ್ಲಿ ಮೀಯುತ್ತಿದ್ದಲ್ಲಿ ಇಟ್ಟರು. ಆಮೇಲೆ ಒಂದು ತಿಂಗಳು ಪ್ರಾರ್ಥನೆ, ಉಪವಾಸ. ಒಬ್ಬ ರಾಜಕುವರಿಯ ಬಲಿಯ ಮಾತೂ ಬರುತ್ತದೆ. ಅಳುಕಿ ಬಿಡಬೇಡಿ, ಹಾಗೆಂದು ರಂಜಿಸಲೂ ಹೋಗಬೇಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ನಾಲ್ವರನ್ನೂ ಗಡ್ಡದ ಋಷಿಗಳನ್ನಾಗಿ ಮಾಡಿದ್ದು. ಅವರು ಮಾಹೂ: ಗಂಡುತನ ಹೆಣ್ತನ ಎರಡನ್ನೂ ಒಳಗೊಂಡವರು. ಎತ್ತರದ ಆಳು, ಮೆಲುದನಿ, ಸೌಮ್ಯ ನಡವಳಿಕೆ ಎಂದೇ ಹಳೆಯ ಬರಹ ಹೇಳುತ್ತದೆ. ಜೇಮ್ಸ್ ಬಾಯ್ಡ್ ಬರೆದಿಟ್ಟ ಆ ಪಾಠ 1907ರ ಹವಾಯಿ ವಾರ್ಷಿಕದಲ್ಲಿ ಅಚ್ಚಾಯಿತು. ಮೊದಲು ಅದನ್ನು ಓದಿ. ಅದರ ಇಂಗ್ಲಿಷ್ ಅವರನ್ನು ಮಾಂತ್ರಿಕರೆನ್ನುತ್ತದೆ, ಆ ಪದಕ್ಕೆ ಮರುಳಾಗಬೇಡಿ.

ನೀವು ಮುಟ್ಟದೇ ಬಿಟ್ಟ ಭಾಗ ಇನ್ನೂ ಸೊಗಸಾದದ್ದು. 1941ರಲ್ಲಿ ಆ ಜಾಗದಲ್ಲಿ ಬೌಲಿಂಗ್ ಆಟದ ಕಟ್ಟಡ ಎದ್ದು ಕಲ್ಲುಗಳು ಅಡಿಗೆ ಹೋದವು. 1963ರಲ್ಲಿ ಕಟ್ಟಡ ಕೆಡವಿದಾಗ ಹೊರಬಂದವು. 1997ರಲ್ಲಿ ಅವನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿದರು. ಅಲ್ಲಿನ ಫಲಕವೋ, ವೈದ್ಯರು ಮಾಹೂ ಎಂಬ ಮಾತನ್ನೇ ಬಿಟ್ಟಿತ್ತು. ಅದು ಸರಿಹೋದದ್ದು 2023ರಲ್ಲಿ. ನೀವೂ ಆ ಫಲಕದವರು ಮಾಡಿದ್ದನ್ನೇ ಮಾಡಿದ್ದೀರಿ, ಬಹುಶಃ ಅರಿಯದೆ.

ಜ್ವಾಲಾಮುಖಿ ಸ್ಫೋಟದ ದೃಶ್ಯ ಪೂರ್ತಿ ತೆಗೆಯಿರಿ, ಕಿಲವೇಯ ಇರುವುದು ಬೇರೆ ದ್ವೀಪದಲ್ಲಿ. ಮೊದಲ ಎರಡು ಪುಟದ ಸೂರ್ಯಾಸ್ತವೂ ಬೇಡ. ಉಳಿದ ಜಾಗವನ್ನು ಕಲ್ಲು ಸಾಗಿಸುವ ರಾತ್ರಿಗೆ ಕೊಟ್ಟು ಮತ್ತೆ ಕಳಿಸಿ, ಓದುತ್ತೇವೆ.

– ಸಂಪಾದಕರು