ಕಬ್ಬಿನ ಸಿಪ್ಪೆಯ ತಟ್ಟೆ: ಕೊಳೆಯುತ್ತದೆ, ಆದರೆ ಎಲ್ಲಿ?

ಪ್ರಶ್ನೆ: ಕಬ್ಬಿನ ಸಿಪ್ಪೆಯಿಂದ ಮಾಡಿದ ತಟ್ಟೆಗಳನ್ನು ಮನೆಯ ಗೊಬ್ಬರದ ಡಬ್ಬಿಗೆ ಹಾಕಿದ್ದೆ. ಪ್ಯಾಕೆಟ್ ಮೇಲೆ ‘90 ದಿನಗಳಲ್ಲಿ ಗೊಬ್ಬರ’ ಅಂತ ಬರೆದಿತ್ತು. ಅವಧಿ ಮುಗಿದರೂ ತುಂಡುಗಳು ಹಾಗೇ ಇವೆ. ಮೋಸ ಹೋದೆನಾ?

ಉತ್ತರ: ಮೋಸ ಅಂತ ಈಗಲೇ ತೀರ್ಮಾನ ಮಾಡಬೇಡಿ. ಸಾಮಾನ್ಯವಾಗಿ ಆ 90 ದಿನ ನಿಮ್ಮ ಡಬ್ಬಿಯ ಲೆಕ್ಕ ಅಲ್ಲ, ದೊಡ್ಡ ಗೊಬ್ಬರ ಘಟಕದ ಲೆಕ್ಕ. ಅಲ್ಲಿ ರಾಶಿ ತಾನಾಗಿಯೇ ಬಿಸಿಯೇರಿ 50–60 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಆಗಾಗ ಮಗುಚಿ ಗಾಳಿಯಾಡಿಸುತ್ತಾರೆ, ತೇವ ಆರದಂತೆ ನೋಡಿಕೊಳ್ಳುತ್ತಾರೆ. ಯುರೋಪಿನ ಇಎನ್ 13432 ಮಾನದಂಡ ಹೇಳುವುದೂ ಅಂಥ ಘಟಕದ ಮಾತನ್ನೇ. 12 ವಾರ ಆದ ಮೇಲೆ ಜರಡಿ ಹಿಡಿದರೆ, 2 ಮಿಲಿಮೀಟರಿಗಿಂತ ದೊಡ್ಡ ಚೂರುಗಳು ಶೇ 10ಕ್ಕಿಂತ ಜಾಸ್ತಿ ಸಿಗಬಾರದು. 6 ತಿಂಗಳೊಳಗೆ ಶೇ 90ರಷ್ಟನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಬೇಕು. ಮನೆಯ ಸಣ್ಣ ಡಬ್ಬಿ ಅಷ್ಟು ಬಿಸಿಯಾಗುವುದೇ ಇಲ್ಲ. ಅದಕ್ಕೇ ‘ಹೋಮ್ ಕಾಂಪೋಸ್ಟ್’ ಅಂತ ಬೇರೆಯೇ ಪರೀಕ್ಷೆ ಇದೆ, ಅದು ನಡೆಯುವುದು 20–30 ಡಿಗ್ರಿಯಲ್ಲಿ, ಅವಧಿಯೂ 12 ತಿಂಗಳವರೆಗೆ.

ಈಗೇನು ಮಾಡಬಹುದು? ತಟ್ಟೆಯನ್ನು ಇಡಿಯಾಗಿ ಹಾಕಬೇಡಿ. ಸಣ್ಣಗೆ ಹರಿದು, ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಸಿ ತರಕಾರಿ ಸಿಪ್ಪೆಯ ಜೊತೆ ಬೆರೆಸಿ. ನಾರಿನಲ್ಲಿ ಇಂಗಾಲವೇ ಜಾಸ್ತಿ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಹಸಿ ಕಸ ಸೇರದೆ ಅದೊಂದೇ ಇದ್ದರೆ ವರ್ಷವಾದರೂ ಸುಮ್ನೆ ಬಿದ್ದಿರುತ್ತದೆ.

ಪ್ರಶ್ನೆ: ಬರೀ ನಾರಿನಿಂದ ಮಾಡಿದ್ದು ಅನ್ನುತ್ತಾರೆ. ಹಾಗಿದ್ದರೆ ಎಣ್ಣೆ ಯಾಕೆ ಸೋರುವುದಿಲ್ಲ?

ಉತ್ತರ: ಈ ಪ್ರಶ್ನೆಯನ್ನು ಎಲ್ಲರೂ ಕೇಳಬೇಕಿತ್ತು, ಕೇಳುವವರು ಕಡಿಮೆ. ಮೊದಲು ತಟ್ಟೆ ಹೇಗಾಗುತ್ತದೆ ನೋಡಿ. ಕಬ್ಬು ಅರೆದು ರಸ ತೆಗೆದ ಮೇಲೆ ಅದರ ತೂಕದ ಸುಮಾರು ಶೇ 30ರಷ್ಟು ಸಿಪ್ಪೆ ಉಳಿಯುತ್ತದೆ, ಅದರಲ್ಲೂ ಅರ್ಧದಷ್ಟು ನೀರೇ. ಹೆಚ್ಚಿನ ಪಾಲು ಸಕ್ಕರೆ ಕಾರ್ಖಾನೆಯ ಬಾಯ್ಲರ್‌ನಲ್ಲೇ ಉರಿದುಹೋಗುತ್ತದೆ. ತಟ್ಟೆಗೆ ಬರುವ ಸಿಪ್ಪೆಯಲ್ಲಿ ಮೆತ್ತನೆಯ ಬೆಂಡನ್ನು ಬೇರ್ಪಡಿಸಿ, ನಾರನ್ನು ಕ್ಷಾರದಲ್ಲಿ ಬೇಯಿಸಿ, ನೀರಿನಲ್ಲಿ ಕದಡುತ್ತಾರೆ. ತುಂಬಾ ತೆಳ್ಳಗಿನ ಗಂಜಿಯ ಹಾಗೆ ಇರುತ್ತದೆ. ಅದರೊಳಗೆ ಜಾಲರಿಯ ಅಚ್ಚು ಮುಳುಗಿಸಿ ನೀರನ್ನು ಎಳೆದರೆ ನಾರಿನ ಪದರ ಅಚ್ಚಿಗೆ ಅಂಟಿಕೊಳ್ಳುತ್ತದೆ. ಬಿಸಿ ಅಚ್ಚಿನಲ್ಲಿ ಒತ್ತಿ ಒಣಗಿಸಿದರೆ ತಟ್ಟೆ ಸಿದ್ಧ. ಗೋಂದು ಬೇಕಿಲ್ಲ, ಒಣಗುವಾಗ ನಾರು ನಾರನ್ನು ತಾನೇ ಹಿಡಿದುಕೊಳ್ಳುತ್ತದೆ.

ಏನೂ ಬೆರೆಸದ ಇಂಥ ತಟ್ಟೆಯ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ನೋಡಿ. ನಿಧಾನವಾಗಿ ಚಪ್ಪಟೆಯಾಗುತ್ತದೆ, ಸುತ್ತ ಕಂದು ಕಲೆ ಹರಡುತ್ತದೆ, ಸ್ವಲ್ಪ ಹೊತ್ತಿಗೆ ಹಿಂಬದಿಯಲ್ಲೂ ಕಾಣಿಸುತ್ತದೆ. ಇದನ್ನು ತಡೆಯಲು ಅನೇಕ ತಯಾರಕರು ಗಂಜಿಗೇ ಪಿಎಫ್‌ಎಎಸ್ ಅನ್ನುವ ಫ್ಲೋರಿನ್ ರಾಸಾಯನಿಕ ಸೇರಿಸುತ್ತಿದ್ದರು. ಇಂಗಾಲ–ಫ್ಲೋರಿನ್ ನಂಟು ಎಷ್ಟು ಗಟ್ಟಿ ಅಂದರೆ ತಟ್ಟೆ ಕೊಳೆತು ಮಣ್ಣಾದರೂ ಅದು ಮಾತ್ರ ಗೊಬ್ಬರದಲ್ಲಿ ಉಳಿಯುತ್ತದೆ, ಅಲ್ಲಿಂದ ಗಿಡಕ್ಕೂ ನೀರಿಗೂ ಹೋಗುತ್ತದೆ. ‘ಪರಿಸರಸ್ನೇಹಿ’ ಅಂತ ಹಸಿರು ಎಲೆಯ ಚಿತ್ರ ಹಾಕಿ ಮಾರಿದ್ದು ಇದನ್ನೇ! ನಿಯಂತ್ರಣ ತಡವಾಗಿ ಬಂದಿದೆ. ವಸ್ತು ಗೊಬ್ಬರವಾಗುತ್ತದೆ ಅಂತ ಪ್ರಮಾಣಪತ್ರ ಕೊಡುವ ಉತ್ತರ ಅಮೆರಿಕದ ಬಿಪಿಐ ಸಂಸ್ಥೆ 2020ರಿಂದ ಫ್ಲೋರಿನ್ ಬೆರೆಸಿದ ವಸ್ತುಗಳಿಗೆ ಅದನ್ನು ಕೊಡುತ್ತಿಲ್ಲ, ಒಟ್ಟು ಫ್ಲೋರಿನ್ 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ದಾಟುವಂತಿಲ್ಲ. ಎಣ್ಣೆ ತಡೆಯುವ ಇಂಥ ಪಿಎಫ್‌ಎಎಸ್ ಅನ್ನು ಆಹಾರದ ಪ್ಯಾಕಿಂಗಿಗೆ ಮಾರುವುದು ಅಮೆರಿಕದಲ್ಲಿ ನಿಂತಿದೆ ಅಂತ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಹೇಳಿತು. ಆಹಾರದ ಪ್ಯಾಕಿಂಗಿನಲ್ಲಿರುವ ಪಿಎಫ್‌ಎಎಸ್‌ಗೆ ಯುರೋಪಿನ ಹೊಸ ಮಿತಿ ಅನ್ವಯವಾಗುವ ದಿನ 2026ರ ಆಗಸ್ಟ್ 12.

ಎಣ್ಣೆ ಹನಿ ಮುತ್ತಿನಂತೆ ದುಂಡಗೆ ನಿಂತೇ ಇದ್ದರೆ ಅನುಮಾನ ಪಡಿ. ಆದರೆ ಅದೊಂದನ್ನೇ ಸಾಕ್ಷಿ ಅಂದುಕೊಳ್ಳಬೇಡಿ, ಬೇರೆ ಲೇಪನಗಳೂ ಹಾಗೆ ಮಾಡಬಹುದು. ಮಾರುವವರಲ್ಲಿ ಒಟ್ಟು ಫ್ಲೋರಿನ್ ಪರೀಕ್ಷೆಯ ವರದಿ ಕೇಳಿ. ಕೊಡಲು ತಡವರಿಸಿದರೆ ಬೇರೆ ಕಡೆ ಕೊಳ್ಳಿ.

ಪ್ರಶ್ನೆ: ಊಟದ ಡಬ್ಬಿಯ ಪಾರದರ್ಶಕ ಮುಚ್ಚಳವನ್ನೂ ಗೊಬ್ಬರಕ್ಕೆ ಹಾಕಬಹುದಾ?

ಉತ್ತರ: ಮನೆಯ ಗೊಬ್ಬರಕ್ಕೆ ಬೇಡ. ಪಿಎಲ್‌ಎ (ಬೆಳೆಯ ಪಿಷ್ಟ ಅಥವಾ ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್) ಅಂತ ಬರೆದಿದ್ದರೂ ಅದಕ್ಕೆ ಘಟಕದ ಬಿಸಿಯೇ ಬೇಕು. ಪಿಇಟಿ ಅಂತಿದ್ದರೆ ಅದು ನೀರಿನ ಬಾಟಲಿಯಂಥ ಮಾಮೂಲಿ ಪ್ಲಾಸ್ಟಿಕ್ಕೇ, ಗೊಬ್ಬರವಾಗುವುದಿಲ್ಲ.

ಪ್ರಶ್ನೆ: ಈ ತಟ್ಟೆಯನ್ನು ಮೈಕ್ರೋವೇವ್‌ನಲ್ಲಿ ಇಡಬಹುದಾ?

ಉತ್ತರ: ಒಳಗೆ ತೇವದ ಊಟ ಇದ್ದು, ಒಂದೆರಡು ನಿಮಿಷ ಬಿಸಿ ಮಾಡುವುದಾದರೆ ತೊಂದರೆ ಇಲ್ಲ. ಒಳಗಡೆ ಪ್ಲಾಸ್ಟಿಕ್ ಪದರ ಇದ್ದರೆ ಬೇಡ. ಬಿಸಿ ಪದಾರ್ಥ ಹಾಕಿದಾಗ ತಳ ಬೆವರಿದ ಹಾಗೆ ಒದ್ದೆಯಾಗುವುದು ಸೋರಿಕೆ ಅಲ್ಲ, ನಾರಿನ ಮೂಲಕ ಆವಿ ದಾಟಿ ಬಂದದ್ದು.

ಪ್ರಶ್ನೆ: ದೊಡ್ಡ ಕಾರ್ಯಕ್ರಮ ಮಾಡುತ್ತಿದ್ದೇವೆ. ಪ್ಲಾಸ್ಟಿಕ್ ಬದಲು ಇದನ್ನೇ ತರಿಸಿದರೆ ಸಾಕಲ್ವಾ?

ಉತ್ತರ: ತರಿಸುವುದು ಅರ್ಧ ಕೆಲಸ. ತೊಳೆದು ಬಳಸುವ ತಟ್ಟೆ ಸಿಗುವ ಹಾಗಿದ್ದರೆ ಅದೇ ಮೇಲು, ಇದನ್ನು ನಾನು ಎರಡನೇ ಆಯ್ಕೆ ಅಂತಲೇ ಹೇಳುತ್ತೇನೆ. ಊಟ ಮೆತ್ತಿದ ತಟ್ಟೆಯನ್ನು ರದ್ದಿ ಕಾಗದದ ಜೊತೆ ಮರುಬಳಕೆಗೆ ತೆಗೆದುಕೊಳ್ಳುವುದಿಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಸದ ಗುಡ್ಡೆಗೆ ಕಳಿಸಿದರೆ, ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ, ಅಂದರೆ ಜಾಸ್ತಿ ದುಡ್ಡು ಕೊಟ್ಟು ಬೇರೆ ಥರದ ಮಾಲಿನ್ಯ ಕೊಂಡ ಹಾಗೆ. ಆರ್ಡರ್ ಕೊಡುವ ಮೊದಲೇ ಹತ್ತಿರದ ಗೊಬ್ಬರ ಘಟಕಕ್ಕೆ ಫೋನ್ ಮಾಡಿ, ಇಂಥ ತಟ್ಟೆ ತೆಗೆದುಕೊಳ್ಳುತ್ತಾರಾ ಕೇಳಿ. ಪ್ಲಾಸ್ಟಿಕ್ ಬೆರೆತು ಬರುತ್ತದೆ ಅನ್ನುವ ಭಯಕ್ಕೆ ಬೇಡ ಅನ್ನುವ ಘಟಕಗಳೂ ಇವೆ. ಹೂಂ ಅಂದರೆ ಚಮಚ, ಲೋಟ, ಮುಚ್ಚಳ ಎಲ್ಲವೂ ಅವರು ಒಪ್ಪುವಂಥದ್ದೇ ಇರಲಿ, ಕಸದ ಬುಟ್ಟಿಯ ಪಕ್ಕ ಒಬ್ಬರನ್ನು ನಿಲ್ಲಿಸಿ.