ಓದುಗರ ಪ್ರಶ್ನೆ: ಟ್ರಿಗ್, ಜೇಬು ಮತ್ತು ಅಡಿಕೆ ದೋಟಿ

ಪ್ರಶ್ನೆ: ಪಿಯುಸಿ ಓದುವ ಮಗಳು ದಿನಾ 'ಟ್ರಿಗ್ ಟೆಸ್ಟ್ ಇದೆ' ಅನ್ನುತ್ತಾಳೆ. ಇಂಗ್ಲಿಷ್ ನಿಘಂಟು ತೆಗೆದರೆ ಟ್ರಿಗ್ ಅಂದರೆ ಅಚ್ಚುಕಟ್ಟು ಅಂತಿದೆ. ಗಣಿತಕ್ಕೂ ಅಚ್ಚುಕಟ್ಟಿಗೂ ಏನು ಸಂಬಂಧ? ಈ ವಿಷಯದ ತಳಪಾಯ ಏನು ಅಂತಲೂ ಹೇಳಿ.
– ಓದುಗರು, ಕಾರವಾರ

ಉತ್ತರ: ಸಂಬಂಧ ಏನೂ ಇಲ್ಲ. ಅಚ್ಚುಕಟ್ಟಿನ ಟ್ರಿಗ್ ಹಳೆಯ ನಾರ್ಸ್ ಭಾಷೆಯಿಂದ ಬಂದ ಬೇರೆಯೇ ಪದ. ನಿಘಂಟಿನಲ್ಲಿ ಇನ್ನೂ ಸ್ವಲ್ಪ ಕೆಳಗೆ ನೋಡಿದರೆ, ಗಾಡಿ ಜಾರದ ಹಾಗೆ ಚಕ್ರಕ್ಕೆ ಕೊಡುವ ಬೆಣೆಗೂ ಟ್ರಿಗ್ ಅಂತ ಹೆಸರಿರುತ್ತದೆ. ದೇವಿಮನೆ ಘಟ್ಟದಲ್ಲಿ ಲಾರಿ ಕೆಟ್ಟು ನಿಂತಾಗ ಕ್ಲೀನರ್ ಹುಡುಗ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಾನಲ್ಲ, ಅದೇ ಕೆಲಸ.

ಮಗಳದ್ದು ಟ್ರಿಗೊನಾಮೆಟ್ರಿಯ ಬಾಲ ಕತ್ತರಿಸಿದ ಹೆಸರು. ಗ್ರೀಕಿನಲ್ಲಿ ತ್ರಿಗೋನಾನ್ ಅಂದರೆ ತ್ರಿಕೋನ, ಮೆಟ್ರಾನ್ ಅಂದರೆ ಅಳತೆ. ಜರ್ಮನಿಯ ಪಿಟಿಸ್ಕಸ್ 1595ರಲ್ಲಿ ತನ್ನ ಪುಸ್ತಕಕ್ಕೆ ಈ ಹೆಸರಿಟ್ಟ. ಸರ್ವೆಯವರು 'ಟ್ರಿಗ್ ಪಾಯಿಂಟ್' ಅನ್ನುವುದೂ ಇದನ್ನೇ ಹಿಡಿದು: ಗುಡ್ಡದ ತುದಿಯಲ್ಲಿ ಗುರುತು ಹಾಕಿ, ಅಲ್ಲಿಂದ ಇನ್ನೊಂದು ಗುಡ್ಡಕ್ಕೆ ಕೋನ ಹಿಡಿಯುವ ಜಾಗ. 1802ರಲ್ಲಿ ಮದರಾಸಿನಲ್ಲಿ ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್ ಶುರು ಮಾಡಿದ, ಭಾರತವನ್ನು ಅಳೆಯುವ ದೊಡ್ಡ ಸರ್ವೆ ನಡೆದದ್ದು ಹೀಗೆ. ಒಂದು ಬದಿಯನ್ನು ಸರಪಳಿ ಹಿಡಿದು ಅಳೆದರು, ಮುಂದೆ ಬಹುಪಾಲು ಬರೀ ಕೋನಗಳೇ.

ತಳಪಾಯ ಅಂದಿರಿ. ಲಂಬಕೋನ ತ್ರಿಭುಜದಲ್ಲಿ ಇನ್ನೊಂದು ಕೋನ ಗೊತ್ತಾದರೆ ಅದರ ಆಕಾರ ಗೊತ್ತಾಯಿತು, ಗಾತ್ರ ಎಷ್ಟೇ ಇರಲಿ. 30 ಡಿಗ್ರಿಯ ತ್ರಿಭುಜವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಯಾಣದ ಬಂಡೆಯಷ್ಟು ದೊಡ್ಡದು ಮಾಡಿ, ಆ ಕೋನದ ಎದುರಿನ ಬದಿ ವಿಕರ್ಣದ, ಅಂದರೆ ಲಂಬಕೋನದ ಎದುರಿನ ಓರೆ ಬದಿಯ, ಅರ್ಧವೇ. ಈ ಅನುಪಾತಕ್ಕೆ ಸೈನ್ ಅಂತ ಹೆಸರು. ಪಕ್ಕದ ಬದಿಯನ್ನು ವಿಕರ್ಣದಿಂದ ಭಾಗಿಸಿದರೆ ಕಾಸ್, ಎದುರಿನದನ್ನು ಪಕ್ಕದ್ದರಿಂದ ಭಾಗಿಸಿದರೆ ಟ್ಯಾನ್. ಮಗಳಿಗೆ ಒಂದು ಮಾತು ಹೇಳಿ, ಸೈನ್ 60 ಅಂದರೆ ಸೈನ್ 30ರ ಎರಡರಷ್ಟಲ್ಲ. ಸೈನ್ 30 ಅಂದರೆ 0.5, ಸೈನ್ 60 ಸುಮಾರು 0.87. ನಾನು ಹೈಸ್ಕೂಲಿನಲ್ಲಿ ಸೈನನ್ನು ಗುಣಿಸುವ ಸಂಖ್ಯೆ ಅಂದುಕೊಂಡು ಎರಡೂ ಕಡೆ ಹೊಡೆದುಹಾಕಿದ್ದೆ. ಮೇಷ್ಟ್ರು ಬೈಯಲಿಲ್ಲ, ಕಾಪಿಯನ್ನು ಇಡೀ ಕ್ಲಾಸಿಗೆ ತೋರಿಸಿದರು. ಬೈದಿದ್ದರೇ ವಾಸಿ ಇತ್ತು!

ಪ್ರಶ್ನೆ: ಬರೆಯುವುದು ಎಸ್ಐಎನ್, ಓದುವುದು ಸೈನ್. ಪಾಪಕ್ಕೂ ಅದೇ ಮೂರು ಅಕ್ಷರ. ಯಾರ ಪಾಪ ಇದು?
– ಓದುಗರು, ಕುಮಟಾ

ಉತ್ತರ: ಅನುವಾದಕರದ್ದು. ಆರ್ಯಭಟ 499ರಲ್ಲಿ ಬಿಲ್ಲಿನ ಹೆದೆಯ ಲೆಕ್ಕ ಹಿಡಿದು 24 ಜ್ಯಾಗಳ ಪಟ್ಟಿ ಕೊಟ್ಟ. ಜ್ಯಾ ಅಂದರೆ ಹೆದೆ, ಇಂದಿನ ಸೈನಿನ ಮೂಲ ಇದೇ. ಜೀವಾ ಅಂತಲೂ ಅನ್ನುತ್ತಿದ್ದರು. ಅರಬರು ಅದನ್ನು 'ಜೀಬಾ' ಅಂತ ತೆಗೆದುಕೊಂಡರು. ಅವರ ಬರಹದಲ್ಲಿ ಸ್ವರಗಳನ್ನು ಪೂರ್ತಿ ಬರೆಯುವುದಿಲ್ಲವಲ್ಲ, ಹಾಗಾಗಿ ಅದನ್ನು 'ಜೈಬ್' ಅಂತ ಓದುವುದಾಯಿತು. ಜೈಬ್ ಅಂದರೆ ಬಟ್ಟೆಯ ಮಡಿಕೆ. ನಮ್ಮ ಅಂಗಿಯ ಜೇಬು ಇದೇ ಪದ! 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ತಂದವರು ಮಡಿಕೆಗೆ 'ಸೈನಸ್' ಅಂತ ಬರೆದುಬಿಟ್ಟರು. ಲ್ಯಾಟಿನ್ನಿನಲ್ಲಿ ಅದಕ್ಕೆ ಸಮುದ್ರದ ಕೊಲ್ಲಿ ಅಂತಲೂ ಅರ್ಥ ಇದೆ, ಕಾರವಾರದವರಿಗೆ ಖುಷಿಯಾಗಬಹುದು.

ಪ್ರಶ್ನೆ: ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವ ಕೊನೆಗೌಡರು ಸಿಗುತ್ತಿಲ್ಲ, ಕೆಳಗಿಂದಲೇ ಕೊಯ್ಯಲು ಕಾರ್ಬನ್ ಫೈಬರ್ ದೋಟಿ ತರಬೇಕು. ಎಷ್ಟು ಉದ್ದದ್ದು ಬೇಕು ಅಂತ ಮರ ಹತ್ತದೆ ತಿಳಿಯುವುದು ಹೇಗೆ? ಅಂದಾಜಿಗೆ ತಂದು ಚಿಕ್ಕದಾದರೆ ದುಡ್ಡು ಹಾಳು.
– ಓದುಗರು, ಶಿರಸಿ

ಉತ್ತರ: ಟ್ಯಾನ್ ಇರುವುದೇ ಇದಕ್ಕೆ. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ, 45 ಡಿಗ್ರಿ ಸಿಕ್ಕಿತು. ಟ್ಯಾನ್ 45 ಅಂದರೆ 1, ಅಂದರೆ ದೂರ ಎಷ್ಟೋ ಕಣ್ಣಿನಿಂದ ಮೇಲಿನ ಎತ್ತರವೂ ಅಷ್ಟೇ. ಒಂದು ಚಿಕ್ಕ ಅಂಚನ್ನು ನೆಲಕ್ಕೆ ಸಮನಾಗಿ ಹಿಡಿದು, ಓರೆ ಅಂಚಿನ ಮೇಲೆ ಕಣ್ಣಿಟ್ಟು ಹಿಂದೆ ಹಿಂದೆ ನಡೆಯಿರಿ. ಅಡಿಕೆ ಕೊನೆ ಆ ಗೆರೆಯ ತುದಿಗೆ ಬಂದಾಗ ನಿಲ್ಲಿ. ಮರದ ಬುಡಕ್ಕೆ 47 ಅಡಿ ಬಂತು ಅಂದುಕೊಳ್ಳಿ, ನಿಮ್ಮ ಕಣ್ಣಿನ ಎತ್ತರ 5 ಅಡಿ ಸೇರಿಸಿ, ಕೊನೆ 52 ಅಡಿಯಲ್ಲಿದೆ. ಸೋಗೆಯ ತುದಿ ನೋಡಬೇಡಿ, ಅಲ್ಲಿ ನಿಮಗೆ ಕೆಲಸ ಇಲ್ಲ.

ತೋಟದೊಳಗೆ ಅಷ್ಟು ಹಿಂದೆ ಹೋದರೆ ಮರವೇ ಕಾಣುವುದಿಲ್ಲ ಅಂತೀರಿ. ಹಾಗಾದರೆ ಅಂಚಿನ ಎತ್ತರದ ಮರ ಹಿಡಿಯಿರಿ, ಇಲ್ಲವೇ ಮೊಬೈಲಿನಲ್ಲಿ ಕೋನ ಅಳೆಯಿರಿ. 40 ಅಡಿ ದೂರದಿಂದ 50 ಡಿಗ್ರಿ ಬಂದರೆ, ಟ್ಯಾನ್ 50 ಸುಮಾರು 1.19, ಗುಣಿಸಿದರೆ 47 ಅಡಿ ಚಿಲ್ಲರೆ, ಮೇಲೆ ಕಣ್ಣಿನ 5. ಕೈ ನಡುಗಿ ಎರಡು ಡಿಗ್ರಿ ಜಾಸ್ತಿ ಓದಿದರೆ ಮೂರೂವರೆ ಅಡಿ ಹೆಚ್ಚು ಬರುತ್ತದೆ, ಅದಕ್ಕೇ ಮೂರು ಸಲ ನೋಡಿ. ಧರೆಯ, ಅಂದರೆ ತೋಟದ ಅಂಚಿನ ದಿಬ್ಬದ, ಮೇಲೆ ನಿಂತು ಅಳೆಯಬೇಡಿ, ಬುಡದ ಮಟ್ಟದಲ್ಲೇ ನಿಲ್ಲಿ.

ದೋಟಿಯನ್ನು ಯಾರೂ ನೆಟ್ಟಗೆ ಹಿಡಿಯುವುದಿಲ್ಲ, ಸ್ವಲ್ಪ ಓರೆ ಇರುತ್ತದೆ, ಹಾಗಾಗಿ ಅದೇ ವಿಕರ್ಣ. ನಿಮ್ಮ ಕೈಯಿಂದ ಕೊನೆಗೆ 48 ಅಡಿ ಎತ್ತರ ಇದ್ದು ದೋಟಿ ನೆಲಕ್ಕೆ 80 ಡಿಗ್ರಿ ಇದ್ದರೆ, 48ನ್ನು ಸೈನ್ 80ರಿಂದ, ಅಂದರೆ 0.985ರಿಂದ ಭಾಗಿಸಿ. 49 ಅಡಿಯೂ ಆಗುವುದಿಲ್ಲ. 70 ಡಿಗ್ರಿಗೆ ಬಾಗಿದರೆ 51 ದಾಟುತ್ತದೆ. ಕೈಯ ಕೆಳಗೆ ಹಿಡಿತಕ್ಕೆ ಮೂರ್ನಾಲ್ಕು ಅಡಿ ಬೇಕು, ಅದನ್ನು ಕೂಡಿಸಿಕೊಂಡೇ ಅಂಗಡಿಗೆ ಹೋಗಿ. ಹತ್ತಿರದಲ್ಲಿ ಕರೆಂಟ್ ತಂತಿ ಇದ್ದರೆ ಮಾತ್ರ ಈ ಲೆಕ್ಕ ಬಿಡಿ, ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ.