ಗುಡುಗಿದಾಗ ಮರದಡಿ ನಿಲ್ಲಬಹುದೇ?

ಪ್ರಶ್ನೆ: ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಸಮಯದಲ್ಲಿ ಹೊಲದಲ್ಲಿರುವ ನಾವು ಬದುವಿನ ಹುಣಸೆಮರದಡಿ ನಿಲ್ಲುತ್ತೇವೆ. ಕೈಯಲ್ಲಿ ಮೊಬೈಲ್ ಇದ್ದರೆ ಸಿಡಿಲು ಬಡಿಯುತ್ತದೆಯೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊಬೈಲ್ ಸಿಡಿಲನ್ನು ಸೆಳೆಯುವುದಿಲ್ಲ; ನೀವು ಅಂಜಬೇಕಾದದ್ದು ಆ ಹುಣಸೆಮರಕ್ಕೆ. ಎತ್ತರದ ಒಂಟಿ ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದಲ್ಲಿರುವವರ ಮೈಗೆ ಜಿಗಿಯಬಲ್ಲದು, ಬುಡದ ಸುತ್ತಲಿನ ನೆಲದಲ್ಲಿ ಹರಡಿ ಕಾಲುಗಳ ಮೂಲಕವೂ ಹಾಯಬಲ್ಲದು. ಮರದಡಿ ನಿಂತ ಕುರಿಗಳು ಹಿಂಡಾಗಿ ಸಾಯುವುದು ಹೆಚ್ಚಾಗಿ ಈ ಕಾರಣದಿಂದಲೇ.

ಮಿಂಚಿದ 3 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 1 ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಆದರೆ ಲೆಕ್ಕ ಹಾಕುತ್ತ ನಿಲ್ಲದೆ, ಗುಡುಗು ಕಿವಿಗೆ ಬಿದ್ದೊಡನೆ ಕೆಲಸ ಬಿಟ್ಟು ಗಟ್ಟಿಮುಟ್ಟಾದ ಮನೆಯನ್ನೋ, ಕಿಟಕಿ ಮುಚ್ಚಿದ ಕಾರು ಅಥವಾ ಬಸ್ಸನ್ನೋ ಸೇರಿಕೊಳ್ಳಬೇಕು. ತೆರೆದ ಟ್ರ್ಯಾಕ್ಟರ್ ಮತ್ತು ಹೊಲದ ಗುಡಿಸಲು ರಕ್ಷಣೆ ನೀಡುವುದಿಲ್ಲ. ಮನೆಯೊಳಗೂ ನಲ್ಲಿ, ತಂತಿಯಿರುವ ಫೋನ್ ಮತ್ತು ಚಾರ್ಜಿಗೆ ಹಾಕಿದ ಮೊಬೈಲನ್ನು ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಮಳೆ ನಿಂತಿತೆಂದು ಅವಸರಪಡುವವರೇ ಹೆಚ್ಚು ಎಂಬುದು ಬೇಸರದ ಸಂಗತಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ನೀಡುತ್ತದೆ.

ಸಿಡಿಲು ತಗುಲಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂಬ ಭಯ ಬೇಡ, ಅವರ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. 108ಕ್ಕೆ ಕರೆ ಮಾಡಿ; ಉಸಿರಾಟ ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿಯಂತೆ ಜೋರಾಗಿ ಒತ್ತುತ್ತಿರಿ.